ಅಳತೆಯ ಪಟ್ಟಿಗಳು

ಶಾಲೆಯ ಕಂಪ್ಯೂಟರ್ ಮನೆಗೆ ಬಂದ ದಿನ ಹೊಲಿಗೆ ಯಂತ್ರ ಕಿಟಕಿಯ ಪಕ್ಕದಿಂದ ಬಾಗಿಲ ಹಿಂದಕ್ಕೆ ಹೋಯಿತು. ಮೂವತ್ತು ವರ್ಷ ಅದೇ ಕಿಟಕಿಯ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸಿದ ಟೈಲರಮ್ಮ, ಅಂದಿನಿಂದ ಯಾರು ಬಾಗಿಲು ತೆರೆದರೂ ಮೊಣಕೈಗೆ ಹೊಡೆಸಿಕೊಳ್ಳುತ್ತ ಹೊಲಿದಳು. ಸೊಸೆಗೆ ಬೆಳಕು ಬೇಕಿತ್ತೆಂದೇನೂ ಅಲ್ಲ. ಪ್ಲಗ್ ಇದ್ದದ್ದು ಕಿಟಕಿಯ ಕೆಳಗೆ. ಪ್ಲಗ್ಗಿನ ಜೊತೆ ಯಾರಾದರೂ ಜಗಳ ಆಡುತ್ತಾರೆಯೆ?

ಸೊಸೆ ಏಳನೇ ತರಗತಿಯ ಟೀಚರು. ಒಂಬತ್ತು ವರ್ಷ ಪಾಠ ಹೇಳಿದ್ದರೂ ಕೆಲಸ ಖಾಯಂ ಆಗಿರಲಿಲ್ಲ. ಪ್ರತಿ ವರ್ಷ ಪರೀಕ್ಷೆ ಮುಗಿದ ಮೇಲೆ ಹೆಡ್ ಮೇಡಂ ಕರೆದು, ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದರು. ಇವಳು ಮನೆಗೆ ಬಂದು ಎರಡು ದಿನ ಯಾರ ಮುಖವನ್ನೂ ನೋಡದೆ ಪಾತ್ರೆ ತಿಕ್ಕುತ್ತಿದ್ದಳು. ಈ ವರ್ಷ ಮಾತು ಬೇರೆಯಾಗಿತ್ತು. ಬ್ಲಾಗು, ಸೋಷಿಯಲ್ ಮೀಡಿಯಾ ಎಲ್ಲ ಬಳಸಿ ಪಾಠ ಮಾಡಿ ತೋರಿಸಿದ ಒಬ್ಬರನ್ನು ಖಾಯಂ ಮಾಡುತ್ತಾರಂತೆ, ಇಲಾಖೆಯವರೇ ಬಂದು ನೋಡುತ್ತಾರಂತೆ. ಆ 'ಅಂತೆ'ಯನ್ನು ನಂಬಿಕೊಂಡು ಸೊಸೆ ತನ್ನ ತರಗತಿಗೆ ಒಂದು ಬ್ಲಾಗು ಕಟ್ಟಿದಳು.

ಅದರ ಕಟ್ಟಳೆಯನ್ನು ಅವಳು ಊಟಕ್ಕೆ ಕೂತಾಗ ಎಷ್ಟು ಸಲ ಹೇಳಿದಳೆಂದರೆ, ಅಕ್ಷರವೇ ಬಾರದ ಟೈಲರಮ್ಮನಿಗೂ ಅದು ಬಾಯಿಪಾಠವಾಗಿತ್ತು. ವಾರಕ್ಕೊಂದು ಮಗು ತನ್ನ ಮನೆಯ ಒಂದು ಕೆಲಸದ ಬಗ್ಗೆ ಬರೆದು, ಫೋಟೊ ಹಾಕಬೇಕು. ಉಳಿದ ಮಕ್ಕಳು ಅದರ ಕೆಳಗೆ ಮೆಚ್ಚಿದ್ದೊಂದು ಹೇಳಿ, ಪ್ರಶ್ನೆಯೊಂದು ಕೇಳಬೇಕು. ಬರೆದ ಮಗು ಮನೆಯವರನ್ನು ವಿಚಾರಿಸಿ ಮುಂದಿನ ಶನಿವಾರದೊಳಗೆ ನಿಜವಾದ ಉತ್ತರ ಕೊಡಬೇಕು. ಕೊಡದಿದ್ದರೆ ಅಂಕ ಹೋಯಿತು. ಮಕ್ಕಳು ಏನೇ ಬರೆದರೂ ಟೀಚರು ಓದಿ ಒಪ್ಪಿಗೆ ಕೊಟ್ಟ ಮೇಲಷ್ಟೇ ಎಲ್ಲರಿಗೂ ಕಾಣುತ್ತಿತ್ತು.

ಮೊಮ್ಮಗಳು ಗುಬ್ಬಿ ಅದೇ ತರಗತಿಯಲ್ಲಿದ್ದಳು. ಮಗಳೆಂದು ಓಲೈಸುತ್ತಾರೆ ಅಂತ ಯಾರೂ ಅನ್ನಬಾರದೆಂದು ಸೊಸೆ ಅವಳಿಗೆ ಎರಡು ಅಂಕ ಕಡಿಮೆಯೇ ಕೊಡುತ್ತಿದ್ದಳು. ಗುಬ್ಬಿಯ ಸರದಿ ಬಂದ ವಾರ ಅವಳು ಅಜ್ಜಿಯ ಕೆಲಸದ ಬಗ್ಗೆ ಬರೆಯುತ್ತೇನೆಂದಾಗ, ಟೈಲರಮ್ಮನಿಗೆ ಒಳಗೊಳಗೇ ಹಿಗ್ಗು. ನನ್ನ ಬಗ್ಗೆ ಬರೆಯೋಕೆ ಏನಿದೆ ಎಂದು ಬಾಯಲ್ಲಿ ಅಂದವಳು, ಫೋಟೊ ತೆಗೆಯುವ ಹೊತ್ತಿಗೆ ತಲೆ ಬಾಚಿಕೊಂಡು ಬಂದಿದ್ದಳು.

ಆದರೆ ಗುಬ್ಬಿಗೆ ಬೇಕಾಗಿದ್ದದ್ದು ಅಜ್ಜಿಯ ಮುಖವಲ್ಲ, ಮೊಳೆಗೆ ನೇತುಹಾಕಿದ್ದ ತಂತಿಯ ಬಳೆ. ಅದರಲ್ಲಿ ಅರವತ್ತಕ್ಕೂ ಹೆಚ್ಚು ಬಟ್ಟೆಯ ಪಟ್ಟಿಗಳು ತೂಗುತ್ತಿದ್ದವು. ಬೆರಳಗಲದವು, ಒಂದೊಂದು ಒಂದೊಂದು ಬಣ್ಣ, ಒಂದೊಂದು ಉದ್ದ. ಟೈಲರಮ್ಮ ಬರೆಯಲು ಬಾರದವಳಾದ್ದರಿಂದ ಗಿರಾಕಿಗಳ ಅಳತೆಯನ್ನು ಪುಸ್ತಕದಲ್ಲಿಡದೆ ಪಟ್ಟಿಯಲ್ಲಿಟ್ಟಿದ್ದಳು. ಪಟ್ಟಿಯ ತುದಿಯಿಂದ ಭುಜದ ಅಳತೆಯಷ್ಟು ದೂರಕ್ಕೆ ಕತ್ತರಿಯ ಒಂದು ಕಚ್ಚು, ತೋಳಿಗೆ ಎರಡು, ಎದೆಗೆ ಮೂರು, ಸೊಂಟಕ್ಕೆ ಓರೆ ಕಚ್ಚು; ಇಡೀ ಪಟ್ಟಿ ಎಷ್ಟುದ್ದವೋ ಅಂಗಿ ಅಷ್ಟುದ್ದ. ದಪ್ಪಗಾದರೆ ಕಚ್ಚಿನ ಪಕ್ಕ ಇನ್ನೊಂದು ಕಚ್ಚು. ಯಾರಾದರೂ ಚೀಟಿಯಲ್ಲಿ ಅಳತೆ ಬರೆದು ಕಳಿಸಿದರೆ, ಚೀಟಿ ನಂಬಿ ಹೊಲಿದರೆ ಅಂಗಿ ಚೀಟಿಗೇ ಸರಿಹೋಗುತ್ತೆ, ನೀವೇ ಬನ್ನಿ ಎಂದು ನಗಿಸಿ ವಾಪಸು ಕಳಿಸುತ್ತಿದ್ದಳು. ಓದಲು ಬಾರದ್ದು ಮನೆಯವರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಗುಬ್ಬಿ ಬರೆದಳು. ಓದಿ ತಿದ್ದಿದ ಸೊಸೆಗೆ ತಲೆಗೆ ಕಿರೀಟ ಬಂದಷ್ಟು ಸಂತೋಷ. ಅಂದು ಊಟದ ಹೊತ್ತಿಗೆ ಅತ್ತೆಯ ತಟ್ಟೆಗೆ ತಾನೇ ಮೊಟ್ಟೆ ಬಡಿಸಿದಳು; ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಅದು ಮೊದಲ ಸಲವಿರಬೇಕು. ಹೆಡ್ ಮೇಡಂ ಓದಿ ಪೋಷಕರ ಗ್ರೂಪಿಗೆಲ್ಲ ಕಳಿಸಿದರಂತೆ. ಮಗ ಪಾರ್ಸೆಲ್ ಆಫೀಸಿನಲ್ಲಿ ಎಲ್ಲರಿಗೂ ತೋರಿಸಿದನಂತೆ. "ಅಮ್ಮ, ನೀನೀಗ ಫೇಮಸ್ಸು," ಎಂದ.

"ಓದೋಕೆ ಬರಲ್ಲ ಅಂತಾನೂ ಹಾಕಿದೀಯೇನೇ?" ಎಂದು ಟೈಲರಮ್ಮ ಮೊಮ್ಮಗಳನ್ನು ಕೇಳಿದಳು.

ಗುಬ್ಬಿ ತಾಯಿಯ ಕಡೆ ನೋಡಿದಳು. ಸೊಸೆ, "ಅದೇ ಅತ್ತೆ ಅದರಲ್ಲಿರೋ ವಿಶೇಷ. ಓದು ಬರದೇನೇ ಇಷ್ಟು ಮಾಡಿದೀರಲ್ಲ, ಅದನ್ನೇ ಎಲ್ಲರೂ ಮೆಚ್ಚಿರೋದು," ಎಂದಳು. ಮೂವತ್ತು ವರ್ಷ ಮುಚ್ಚಿಟ್ಟಿದ್ದನ್ನು ಒಂದೇ ಮಧ್ಯಾಹ್ನ ಬಿಚ್ಚಿ ಹರವಿದ್ದರು. ಆದರೂ ತಟ್ಟೆಯಲ್ಲಿ ಮೊಟ್ಟೆಯಿತ್ತು. ಟೈಲರಮ್ಮ ಊಟ ಮಾಡಿದಳು.

ಆ ವಾರದ ಪ್ರಶ್ನೆಗಳಲ್ಲಿ ಒಂದು ಕನ್ನಡಕದ ಹುಡುಗನದು. ತರಗತಿಯಲ್ಲಿ ಎಲ್ಲಕ್ಕೂ ಮೂಗು ತೂರಿಸುವವನು ಅವನೇ ಎಂದು ಗುಬ್ಬಿ ಹೇಳುತ್ತಿದ್ದಳು. ಹೆಸರು ಬರೆಯದೆ ಯಾವ ಪಟ್ಟಿ ಯಾರದೆಂದು ಅಜ್ಜಿಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದ್ದ. ಒಳ್ಳೇ ಪ್ರಶ್ನೆ. ಟೈಲರಮ್ಮ ಪೆಡಲ್ ನಿಲ್ಲಿಸಿ, ಬಳೆ ಇಳಿಸಿ, ಒಂದೊಂದೇ ಪಟ್ಟಿ ಹಿಡಿದು ತೋರಿಸಿದಳು. ಗಿರಾಕಿ ಮೊದಲು ತಂದ ಬಟ್ಟೆಯ ಅಂಚಿನಿಂದಲೇ ಪಟ್ಟಿ ಕತ್ತರಿಸುವುದು. ಆ ಬಟ್ಟೆ ನೋಡಿದರೆ ಅದನ್ನು ತಂದವರ ಮುಖ ಕಣ್ಣಿಗೆ ಕಟ್ಟುತ್ತದೆ. ಈ ನೀಲಿ ಬೇಕರಿಯವಳದು. ಈ ಹೂವಿನದು ನರ್ಸಮ್ಮನ ಮಗಳದು, ಹೋದ ಸಲ ಬಂದಾಗ ಹಳೆಯದು ಬಿಸಾಕಿ ಹೊಸದು ಮಾಡಿದ್ದು. ಈ ಬಿಳಿ, ಪಾಪ, ಪೋಸ್ಟ್‌ಮಾಸ್ತರರ ಸತ್ತುಹೋದ ಹೆಂಡತಿಯದು. ಬಿಸಾಡಲು ಮನಸ್ಸು ಬಂದಿಲ್ಲ.

ಗುಬ್ಬಿ ಇದನ್ನೆಲ್ಲ ಕೇಳಿಕೊಂಡು ಉತ್ತರ ಬರೆದಳು. 'ನಮ್ಮ ಅಜ್ಜಿ ಎಲ್ಲರ ಬಟ್ಟೆಯಿಂದಲೂ ಸ್ವಲ್ಪ ಕತ್ತರಿಸಿ ತನ್ನ ಹತ್ತಿರ ಇಟ್ಟುಕೊಳ್ಳುತ್ತಾಳೆ.' ಮಗುವಿನ ಮಾತು, ಸುಳ್ಳು ಒಂದಕ್ಷರ ಇಲ್ಲ. ಸೊಸೆ ಓದಿ, ವಾಕ್ಯ ಸ್ಪಷ್ಟವಾಗಿದೆ ಎಂದು ಮೆಚ್ಚಿ, ಬ್ಲಾಗಿಗೆ ಬಿಟ್ಟಳು.

ಸೋಮವಾರ ಬೆಳಿಗ್ಗೆ ಬೇಕರಿಯವಳು ಬಂದಳು. ಕೈಯಲ್ಲಿ ಹೊಲಿಯುವ ಬಟ್ಟೆಯಿರಲಿಲ್ಲ, ಫೋನಿತ್ತು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, ಹೋದ ವರ್ಷದ ನೀಲಿ ಅಂಗಿಯ ಮಾತೆತ್ತಿದಳು. ತೋಳು ಗಿಡ್ಡವಾಗಿತ್ತಲ್ಲ, ಬಟ್ಟೆ ಸಾಲಲಿಲ್ಲ ಅಂದಿದ್ರಲ್ಲ ಟೈಲರಮ್ಮ, ಈಗ ಗೊತ್ತಾಯ್ತು ಬಿಡಿ ಎಲ್ಲಿ ಹೋಯ್ತು ಅಂತ.

"ಒಂದು ಬೆರಳಷ್ಟು ಅಂಚು ಕಣಮ್ಮ," ಎಂದು ಟೈಲರಮ್ಮ ಪಟ್ಟಿಯನ್ನೇ ಹಿಡಿದು ತೋರಿಸಿದಳು. "ಹೇಗೂ ಕತ್ತರಿಸಿ ಬಿಸಾಡೋದು. ಇದರಲ್ಲಿ ತೋಳು ಆಗುತ್ತಾ ನೀನೇ ಹೇಳು."

"ನನಗೆ ತೋರಿಸ್ತಿರೋದು ಒಂದು ಬೆರಳು. ತೋರಿಸದೆ ಇರೋದು ಎಷ್ಟೋ," ಎಂದು ಬೇಕರಿಯವಳು ಹೊರಟುಹೋದಳು.

ಮುಂದಿನ ಮೂರು ವಾರದಲ್ಲಿ ಬೀದಿಗೆ ಬೀದಿಯೇ ಹಳೆಯ ಅಂಗಿಗಳನ್ನು ತೆಗೆದು ತೋಳು ಅಳೆಯಲು ಕೂತಿತು. ಎಂದೋ ಕುಗ್ಗಿದ್ದು, ಎಂದೋ ಬಿಗಿಯಾದದ್ದು, ಮೈ ಬಂದು ಹರಿದದ್ದು, ಎಲ್ಲವೂ ಟೈಲರಮ್ಮನ ತಲೆಗೇ ಬಂತು. ಓದು ಬರೋಲ್ವಂತೆ, ಅಂದಾಜಿನ ಮೇಲೆ ಕತ್ತರಿ ಹಾಕ್ತಿದ್ಲಂತೆ ಎಂದು ಇನ್ನೊಂದು ಮಾತು ಸೇರಿಕೊಂಡಿತು. ಮೂವತ್ತು ವರ್ಷ ಅದೇ ಅಂದಾಜಿನ ಅಂಗಿ ತೊಟ್ಟು ಮೆರೆದವರೇ ಆಡಿದ ಮಾತು ಅದು. ಹೊಲಿಯಲು ಕೊಟ್ಟಿದ್ದನ್ನು ಹಾಗೇ ವಾಪಸು ಒಯ್ದವರು ಆರು ಜನ. ಎದುರಿಗೆ ಸಿಕ್ಕರೆ ಆಚೆ ಬದಿಗೆ ದಾಟುವವರ ಲೆಕ್ಕ ಬೇರೆ.

ಮನೆಯಲ್ಲಿ ಮೊದಲು ಗೊತ್ತಾದದ್ದು ಹಾಲಿನಲ್ಲಿ. ಹಾಲು ತರಕಾರಿ ಯಾವಾಗಲೂ ಟೈಲರಮ್ಮನ ಯಂತ್ರದಿಂದ ಬರುತ್ತಿತ್ತು. ಈಗ ಅವಳು ಮಗನನ್ನು ಕೇಳಬೇಕಾಯಿತು, ಮಗ ಹೆಂಡತಿಯನ್ನು ಕೇಳಿ ಹೇಳುತ್ತೇನೆಂದ. ಹೊಲಿಗೆ ಇಲ್ಲವಲ್ಲ, ಬಿಡುವಿದೆಯಲ್ಲ ಎಂದು ಸಂಜೆಯ ಅಡುಗೆಯೂ ಅವಳ ಪಾಲಿಗೆ ಬಂತು. ಸೊಸೆಗೆ ಬ್ಲಾಗಿನ ಕೆಲಸ ತಲೆಯ ಮೇಲಿತ್ತು. ಒಂದು ಸಂಜೆ ಬೇಳೆ ತಳ ಹತ್ತಿತು. ಸೊಸೆ ತಟ್ಟೆ ದೂಡಿದಳು. ಅಷ್ಟಕ್ಕೇ ಟೈಲರಮ್ಮನ ಸಹನೆಯ ಕಟ್ಟೆಯೊಡೆಯಿತು.

"ನೀನು ಆ ಮಾತನ್ನ ತೆಗೆಸಿಹಾಕಮ್ಮ. ಇಟ್ಟುಕೊಳ್ತಾಳೆ ಅನ್ನೋದನ್ನ."

"ಹೇಗೆ ತೆಗೆಯೋದು ಅತ್ತೆ? ಇಲಾಖೆಯವರು ನೋಡೋಕೆ ಅಂತ ಆರಿಸಿರೋದೇ ಅದು. ಸುಳ್ಳೇನೂ ಅಲ್ವಲ್ಲ."

"ನಿಜಾನೂ ಪೂರ್ತಿ ಇಲ್ಲ."

"ಮಗು ಬರೆದಿದ್ದನ್ನ ನಾನು ತಿದ್ದಿದ್ರೆ ಅದು ಮಗೂದು ಹೇಗಾಗುತ್ತೆ? ಮಕ್ಕಳಿಗೆ ನಿಜ ಬರೀರಿ ಅಂತ ಹೇಳಿಕೊಟ್ಟು, ನಮ್ಮನೆ ವಿಷಯ ಬಂದಾಗ ಮಾತ್ರ ಅಳಿಸಿಬಿಡೋಕಾಗುತ್ತಾ?"

ಮಗ ನಡುವೆ ಬಾಯಿ ಹಾಕಿ, "ನೀನ್ಯಾಕಮ್ಮ ಅದನ್ನೆಲ್ಲ ಮಗು ಹತ್ರ ಬಿಡಿಸಿ ಹೇಳೋಕೆ ಹೋದೆ," ಎಂದ. ಅವನ ಬುದ್ಧಿ ಯಾವಾಗಲೂ ಹಾಗೆ, ಜಗಳ ಯಾರಿಂದ ಬಂತೆಂದು ನೋಡುವುದಿಲ್ಲ, ಯಾರನ್ನು ಸುಮ್ಮನಾಗಿಸುವುದು ಸುಲಭವೆಂದು ನೋಡುತ್ತಾನೆ. ಗುಬ್ಬಿ ಅರ್ಧ ಊಟಕ್ಕೇ ಎದ್ದುಹೋದಳು. ತಳ ಹತ್ತಿದ ಬೇಳೆಯನ್ನು ಟೈಲರಮ್ಮ ಒಬ್ಬಳೇ ತಿಂದಳು.

ಅಷ್ಟೂ ಜನರಲ್ಲಿ ಒಬ್ಬಳು ಮಾತ್ರ ಬಂದಳು, ನರ್ಸಮ್ಮ. ಮಗಳಿಗೆ ಮದುವೆ ಗೊತ್ತಾಗಿತ್ತು. ಹುಡುಗಿ ದೂರದ ಊರಿನಲ್ಲಿ ಕೆಲಸದಲ್ಲಿದ್ದಳು, ಮದುವೆಯ ಹಿಂದಿನ ದಿನವಷ್ಟೇ ಬರುವವಳು. ನರ್ಸಮ್ಮ ರೇಷ್ಮೆಯ ಬಟ್ಟೆಯನ್ನು ಯಂತ್ರದ ಮೇಲಿಟ್ಟು ಕೂತಳು. "ಜನ ಆಡ್ಕೊಳ್ಳಲಿ ಟೈಲರಮ್ಮ. ನನ್ನ ಮಗಳ ಪಟ್ಟಿ ನಿಮ್ಮ ಹತ್ರ ಇದೆಯಲ್ಲ, ನನಗಷ್ಟು ಸಾಕು. ಮದುವೆ ದಿನ ಅವಳನ್ನ ನೋಡಿದ್ಮೇಲೆ ಎಲ್ಲರೂ ಬಾಯಿ ಮುಚ್ಕೊಂಡು ನಿಮ್ಮ ಮನೆ ಬಾಗಿಲಿಗೇ ಬರ್ತಾರೆ."

ಟೈಲರಮ್ಮ ಆ ಬಟ್ಟೆಯನ್ನು ಮುಟ್ಟಿ ಮುಟ್ಟಿ ನೋಡಿದಳು. ಇದೊಂದು ನೆಟ್ಟಗೆ ಕೂತರೆ ಹೋದ ಮಾನ ತಿರುಗಿ ಬಂದಂತೆ. ಬಟ್ಟೆಯನ್ನು ಎರಡು ದಿನ ಹಾಗೇ ಇಟ್ಟು ಮಡಿಕೆ ಬಿಡಿಸಿ, ಸೋಮವಾರ ಕತ್ತರಿ ಹಾಕುವುದೆಂದು ಎಣಿಸಿಕೊಂಡಳು. ಶನಿವಾರ ಹಾಕಬಹುದಿತ್ತು. ಆದರೆ ಶನಿವಾರ ಶಾಲೆಗೆ ಇಲಾಖೆಯವರು ಬರುವ ದಿನ, ಮನೆಯೆಲ್ಲ ಗಡಿಬಿಡಿ.

ಬ್ಲಾಗಿನಲ್ಲಿದ್ದದ್ದನ್ನು ಕಣ್ಣೆದುರೇ ತೋರಿಸಬೇಕೆಂದು ಹೆಡ್ ಮೇಡಂ ಹೇಳಿದ್ದರು. ಸೊಸೆ ಎರಡು ದಿನ ಅತ್ತೆಯ ಹಿಂದೆ ಮುಂದೆ ಸುಳಿದಾಡಿ, ಶುಕ್ರವಾರ ಬೆಳಿಗ್ಗೆ ಬಾಯಿಬಿಟ್ಟಳು. ಪಟ್ಟಿಗಳು ಬೇಕು.

"ಕೊಡಲ್ಲ," ಎಂದಳು ಟೈಲರಮ್ಮ.

ಸೊಸೆ ಜಗಳಕ್ಕೆ ಬರಲಿಲ್ಲ. ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತಳು. ಅವಳ ಕಣ್ಣಿನ ಕೆಳಗೆ ಕಪ್ಪಿಟ್ಟಿತ್ತು. "ಒಂಬತ್ತು ವರ್ಷ ಆಯ್ತು ಅತ್ತೆ. ನನಗಿಂತ ಆಮೇಲೆ ಬಂದ ಇಬ್ಬರು ಖಾಯಂ ಆದ್ರು. ಈ ಸಲ ತಪ್ಪಿದ್ರೆ ನಾನು ಮತ್ತೆ ಕೇಳೋದೂ ಇಲ್ಲ, ಅವರು ಕರೆಯೋದೂ ಇಲ್ಲ." ಆ ಮಾತಿನಲ್ಲಿ ಬೂಟಾಟಿಕೆ ಇರಲಿಲ್ಲ. ಟೈಲರಮ್ಮನೂ ದುಡಿದು ತಿಂದವಳೇ.

"ಒಂದು ಕೆಲಸ ಮಾಡು ಹಾಗಾದ್ರೆ. ಅಲ್ಲಿ ಎಲ್ಲರ ಎದುರಿಗೆ ಒಂದು ಮಾತು ಹೇಳು. ಅದು ಬಿಸಾಡೋ ಅಂಚು, ಬಟ್ಟೆ ಕದ್ದದ್ದಲ್ಲ ಅಂತ."

"ಹೇಳ್ತೀನಿ."

"ಇದ್ದಂಗೇ ವಾಪಸ್ ಬರಬೇಕು. ಸೋಮವಾರ ಆ ಹುಡುಗೀದು ಕತ್ತರಿಸಬೇಕು ನಾನು."

"ಇದ್ದ ಹಾಗೇ ತಂದುಕೊಡ್ತೀನಿ ಅತ್ತೆ."

ಟೈಲರಮ್ಮ ಮೊಳೆಯಿಂದ ಬಳೆ ತೆಗೆದು ತನ್ನ ಕೈಯಾರೆ ಕೊಟ್ಟಳು. ಇದನ್ನು ಮುಂದೆ ಅವಳು ಎಷ್ಟು ಸಲ ನೆನೆಸಿಕೊಂಡು ಕೈ ಹಿಸುಕಿಕೊಂಡಳೋ.

ಶನಿವಾರ ಸಂಜೆ ಸೊಸೆ ಮನೆಗೆ ಬಂದಾಗ ಅವಳ ಕಾಲು ನೆಲದ ಮೇಲಿರಲಿಲ್ಲ. ಮೊದಲ ಬಹುಮಾನ. ಇಲಾಖೆಯವರು ಚಾರ್ಟಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡರಂತೆ, ಖಾಯಂ ಆದೇಶ ತಿಂಗಳೊಳಗೆ ಬರುತ್ತದೆಂದರಂತೆ. ಮಗ ಕೇಕು ತಂದಿದ್ದ, ಅದೂ ಬೇಕರಿಯವಳ ಅಂಗಡಿಯಿಂದಲೇ. ಟೈಲರಮ್ಮ ಎಲ್ಲ ಕೇಳಿಸಿಕೊಂಡು, ಒಳ್ಳೇದಾಯ್ತು ಎಂದು ಬಾಯ್ತುಂಬ ಹೇಳಿ, ಆಮೇಲೆ ಪಟ್ಟಿ ಎಲ್ಲಿ ಎಂದಳು.

ಸೊಸೆ ಸುರುಳಿ ಸುತ್ತಿದ್ದ ದೊಡ್ಡ ಚಾರ್ಟನ್ನು ಮೇಜಿನ ಮೇಲೆ ಬಿಚ್ಚಿದಳು.

ನೋಡಲು ಚೆಂದವೇ ಇತ್ತು. ಅರವತ್ತು ಚಿಲ್ಲರೆ ಪಟ್ಟಿಗಳು ಸಾಲಾಗಿ ಅಂಟಿಕೊಂಡಿದ್ದವು. ಕೆಳಗೆ ಮಕ್ಕಳು ಬಣ್ಣದ ಪೆನ್ನಿನಲ್ಲಿ ಏನೇನೋ ಬರೆದಿದ್ದರು. ಮೇಲಿನ ತುದಿ ಒಂದೇ ಗೆರೆ, ಕೆಳಗಿನ ತುದಿ ಒಂದೇ ಗೆರೆ. ಎರಡೂ ಕಡೆ ಹಲ್ಲುಹಲ್ಲಾಗಿ ಕತ್ತರಿಸುವ ಕತ್ತರಿಯಿಂದ ಅಂದವಾಗಿ ಸವರಿದ್ದರು. ನರ್ಸಮ್ಮನ ಉದ್ದನೆ ಮಗಳೂ ಬೇಕರಿಯ ಗಿಡ್ಡ ಹೆಂಗಸೂ ಪೋಸ್ಟ್‌ಮಾಸ್ತರರ ಸತ್ತುಹೋದ ಹೆಂಡತಿಯೂ ಈಗ ಒಂದೇ ಅಳತೆ. ತುದಿಯಿಂದ ಭುಜಕ್ಕೆಷ್ಟು ಎಂದರೆ, ತುದಿಯೇ ಇರಲಿಲ್ಲ.

ಟೈಲರಮ್ಮ ಹೂವಿನ ಪಟ್ಟಿಯ ಮೇಲೆ ಬೆರಳಿಟ್ಟು ತುದಿಯಿಂದ ತುದಿಗೆ ಎಳೆದಳು. ಮತ್ತೆ ಎಳೆದಳು.

"ಯಾರು ಕತ್ತರಿಸಿದ್ದು?"

"ಮಕ್ಕಳು," ಎಂದಳು ಸೊಸೆ. "ಒಂದುದ್ದ ಒಂದು ಗಿಡ್ಡ, ಚಾರ್ಟಿನಿಂದ ಆಚೆ ಬರ್ತಿತ್ತು. ನೀಟಾಗಿ ಕಾಣಲಿ ಅಂತ."

"ಅಮ್ಮಾನೇ ಹೇಳಿದ್ದು ಸಮ ಮಾಡಿ ಅಂತ," ಎಂದಳು ಗುಬ್ಬಿ. "ನಾನು ಕುರ್ಚಿ ಹಾಕ್ತಿದ್ದೆ ಅಜ್ಜಿ. ನಾನು ಬರೋದ್ರೊಳಗೆ ಆಗಿತ್ತು."

ಉದ್ದವೇ ಅಳತೆಯೆಂದು ಮಗು ಬಿಡಿಸಿ ಬರೆದಿತ್ತು. ಅದನ್ನು ಓದಿ, ತಿದ್ದಿ, ಊರಿಗೆಲ್ಲ ಬಿಟ್ಟವಳು ಇದೇ ಸೊಸೆ. ಓದಿದ್ದಾಳೆ, ಆದರೆ ಅವಳ ತಲೆಗೆ ಹೋಗಿಲ್ಲ. ಈಗ ಹೋಗುತ್ತಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು. ಆದರೆ ಅಂದು ಬೆಳಗ್ಗಿನಿಂದ ಬರೀ ಹೊಗಳಿಕೆ ಕೇಳಿದ್ದವಳು. "ಟೇಪ್ ಇದೆಯಲ್ಲ ಅತ್ತೆ," ಎಂದಳು. "ಮತ್ತೆ ಅಳತೆ ತಗೊಂಡ್ರಾಯ್ತು. ಗುಬ್ಬಿ ಬರೆದಿಡ್ತಾಳೆ."

"ಅಳತೆ ಕೊಡೋಕೆ ಯಾರು ಬರ್ತಾರೆ?" ಎಂದಳು ಟೈಲರಮ್ಮ. "ಅಲ್ಲಿ ಹೇಳಿದೆಯಾ, ಕದ್ದದ್ದಲ್ಲ ಅಂತ?"

ಸಮಯ ಸಿಗಲಿಲ್ಲ ಎಂದಳು ಸೊಸೆ. ಕೇಕನ್ನು ಯಾರು ತಿಂದರೋ ಬಿಟ್ಟರೋ, ಟೈಲರಮ್ಮನ ಪಾಲು ಮೇಜಿನ ಮೇಲೆ ಒಣಗಿತು.

ಸೋಮವಾರ ಅವಳು ರೇಷ್ಮೆಯ ಬಟ್ಟೆಯನ್ನು ಕಾಗದದಲ್ಲಿ ಸುತ್ತಿಕೊಂಡು ಆಸ್ಪತ್ರೆಯ ಕ್ವಾರ್ಟರ್ಸಿಗೆ ನಡೆದಳು. ನನ್ನಿಂದಾಗಲ್ಲ, ಅಂದಾಜಿನ ಮೇಲೆ ಮದುವೆ ಬಟ್ಟೆಗೆ ಕತ್ತರಿ ಹಾಕಲಾರೆ ಎಂದಳು. ಪಟ್ಟಿಗಳಿಗೆ ಏನಾಯಿತೆಂದು ಹೇಳಲಿಲ್ಲ. ಹೇಳಿದರೆ ಸೊಸೆಯ ಹೆಸರು ಬರುತ್ತಿತ್ತು, ಮನೆಯ ಮಾತು ಇನ್ನೊಂದು ಸಲ ಬೀದಿಗೆ ಬೀಳುತ್ತಿತ್ತು. ನರ್ಸಮ್ಮ ಬೇಜಾರು ಮಾಡಿಕೊಂಡಳು, ಟೀ ಕುಡಿದು ಹೋಗಿ ಎಂದಳು. ಟೈಲರಮ್ಮ ಬೇಡವೆಂದು ಮೆಟ್ಟಿಲಿಳಿದು ತಿರುಗಿ ನೋಡಿದಾಗ ನರ್ಸಮ್ಮ ಬಾಗಿಲಲ್ಲೇ ಬಟ್ಟೆ ಬಿಡಿಸಿ, ಕೈಯಿಂದ ಮೊಳ ಹಾಕುತ್ತಿದ್ದಳು. ಕಣ್ಣಿಗೆ ಕಣ್ಣು ಸೇರಿತು. ನರ್ಸಮ್ಮ ಮೊಳ ಹಾಕುವುದನ್ನು ನಿಲ್ಲಿಸಿ ಒಳಗೆ ಹೋದಳು.

ಆ ವಾರ ಬ್ಲಾಗಿನಲ್ಲಿ ಕನ್ನಡಕದ ಹುಡುಗ ಮತ್ತೊಂದು ಪ್ರಶ್ನೆ ಹಾಕಿದ. ಪಟ್ಟಿಗಳೆಲ್ಲ ಚಾರ್ಟಿಗೆ ಅಂಟಿವೆಯಲ್ಲ, ಅಜ್ಜಿ ಈಗ ಹೇಗೆ ಹೊಲಿಯುತ್ತಾರೆ? ಇಷ್ಟು ದೊಡ್ಡವರ ಪೈಕಿ ಒಬ್ಬರಿಗೂ ಹೊಳೆಯದ್ದು ಆ ಪುಟ್ಟ ಹುಡುಗನಿಗೆ ಹೊಳೆದಿತ್ತು. ಗುಬ್ಬಿ ಅಂಜುತ್ತ ಬಂದು ಕೇಳಿದಳು.

"ಬರ್ಕೋ," ಎಂದಳು ಟೈಲರಮ್ಮ. ಗುಬ್ಬಿ ಕೀಲಿಮಣೆಯ ಮುಂದೆ ಕೂತಳು. ಟೈಲರಮ್ಮ ಅವಳ ಬೆನ್ನ ಹಿಂದೆ ನಿಂತು, ಒಂದೊಂದೇ ಮಾತು ತೂಗಿ ಹೇಳಿದಳು. ಈಗ ಹೊಲಿಯುವುದಿಲ್ಲ. ಪಟ್ಟಿಗಳನ್ನು ಶಾಲೆಯಲ್ಲಿ ಸಮ ಮಾಡಿದರು, ಅಳತೆ ಹೋಯಿತು. ಅಂಚಿನ ಒಂದು ಬೆರಳು ತೆಗೆದಿಟ್ಟುಕೊಂಡದ್ದು ನಿಜ, ಅದರಿಂದ ಯಾರ ತೋಳೂ ಗಿಡ್ಡವಾಗಿಲ್ಲ. ಬೇಕರಿಯವಳ ನೀಲಿ ಬಟ್ಟೆ ತಂದಾಗಲೇ ಕಡಿಮೆಯಿತ್ತು, ಆಗಲೇ ಹೇಳಿದ್ದೆ. ಓದು ಬರುವುದಿಲ್ಲವೆಂದು ಅಂದಾಜಿನ ಮೇಲೆ ಒಂದು ಅಂಗಿಯನ್ನೂ ಕತ್ತರಿಸಿಲ್ಲ. ಮುಂದೆಯೂ ಕತ್ತರಿಸುವುದಿಲ್ಲ, ಅದಕ್ಕೇ ನರ್ಸಮ್ಮನ ಮಗಳ ಬಟ್ಟೆ ವಾಪಸು ಕೊಟ್ಟೆ. ಬರೆದದ್ದು ಪರದೆಯ ತುಂಬ ಮೇಲಿಂದ ಕೆಳಗೆ ಹರಡಿತು. ಟೈಲರಮ್ಮ ಅದನ್ನು ಕಣ್ತುಂಬ ನೋಡಿದಳು. ತಾನು ಆಡಿದ ಮಾತು ಅಕ್ಷರವಾದದ್ದನ್ನು ಅವಳು ಹುಟ್ಟಿದ ಮೇಲೆ ಅದೇ ಮೊದಲು ನೋಡಿದ್ದು.

ಸಂಜೆ ಸೊಸೆ ಅದನ್ನು ಓದಿದಳು. ಗುಬ್ಬಿಯನ್ನು ಒಳಗಿನ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡಳು. ಆದೇಶ ಇನ್ನೂ ಕೈಗೆ ಬಂದಿಲ್ಲ ಎನ್ನುವ ಒಂದು ಮಾತು ಮಾತ್ರ ಹೊರಗೆ ಕೇಳಿಸಿತು.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಟೈಲರಮ್ಮ ಕೇಳಿದಳು. "ಬಂತೇನೇ ನನ್ನ ಉತ್ತರ?"

"ಬಂದಿದೆ ಅಜ್ಜಿ."

"ಓದು ನೋಡೋಣ."

ಗುಬ್ಬಿ ಕಂಪ್ಯೂಟರ್ ಮುಂದೆ ಕೂತು ಓದತೊಡಗಿದಳು. ಒಂದಕ್ಷರ ಬಿಡದೆ ಅಜ್ಜಿ ಹೇಳಿದ್ದನ್ನೆಲ್ಲ ಓದಿದಳು, ಬೇಕರಿಯವಳ ನೀಲಿ ಬಟ್ಟೆಯವರೆಗೂ, ನರ್ಸಮ್ಮನ ಮಗಳವರೆಗೂ. ಮಗುವಿನ ಕಣ್ಣು ಮಾತ್ರ ಪರದೆಯ ಮೇಲಿರಲಿಲ್ಲ. ಟೈಲರಮ್ಮ ಅವಳ ಬೆನ್ನ ಹಿಂದೆ ಬಂದು ನಿಂತು, ಕನ್ನಡಕದ ಹುಡುಗನ ಪ್ರಶ್ನೆ ಯಾವುದೆಂದು ಕೇಳಿದಳು. ಗುಬ್ಬಿ ತೋರಿಸಿದಳು. ಅದರ ಕೆಳಗೆ ಇದ್ದದ್ದು ಅರ್ಧ ಸಾಲು. ಅದಕ್ಕೂ ಕೆಳಗೆ ಖಾಲಿ.

ಟೈಲರಮ್ಮ ತೋರುಬೆರಳನ್ನು ಪರದೆಗೆ ಅಡ್ಡವಾಗಿಟ್ಟಳು. ಆ ಅರ್ಧ ಸಾಲು ಬೆರಳಿಗಿಂತ ಒಂದು ಉಗುರಿನಷ್ಟು ಗಿಡ್ಡವಿತ್ತು.

"ನಾನು ಹೇಳಿದ್ದು ಇಷ್ಟುದ್ದ ಇತ್ತು," ಎಂದು ಮೊಳಕೈಯವರೆಗೆ ತೋರಿಸಿದಳು. "ಇದರಲ್ಲಿ ಏನು ಬರೆದಿದೆ?"

ಗುಬ್ಬಿಗೆ ಅಳು ಬಂತು. "ನಮ್ಮ ಅಜ್ಜಿ ಈಗ ಟೇಪಿನಿಂದ ಅಳೆಯುತ್ತಾಳೆ," ಎಂದು ಓದಿದಳು. ಅದರ ಪಕ್ಕದಲ್ಲಿ ಅಂಕವಿತ್ತು. ಎರಡು ಕಡಿಮೆ ಮಾಡದೆ, ಪೂರ್ತಿ ಅಂಕ.

ಟೈಲರಮ್ಮ ಮೊಮ್ಮಗಳ ತಲೆ ಸವರಿದಳು. ಅಡುಗೆಮನೆಯಲ್ಲಿ ಸೊಸೆ ಪಾತ್ರೆ ತಿಕ್ಕುತ್ತಿದ್ದಳು, ನಲ್ಲಿ ಹರಿಯುವ ಸದ್ದು ಬರುತ್ತಿತ್ತು. ಟೈಲರಮ್ಮ ಆ ಕಡೆಗೆ ತಿರುಗಿ, ದನಿ ಏರಿಸದೆ, ಆದರೆ ಕೇಳಿಸಬೇಕಾದವರಿಗೆ ಕೇಳಿಸುವಂತೆ ಹೇಳಿದಳು.

"ಅಳಬೇಡ ಬಿಡು. ನಿಮ್ಮಮ್ಮನ ಕೈಗೆ ಕತ್ತರಿ ಚೆನ್ನಾಗಿ ಕೂತಿದೆ."

ನಲ್ಲಿಯ ಸದ್ದು ನಿಂತಿತು.